ಹೊರಗಿನಿಂದ ನಾಲ್ಕು ಅಡಿ

ಮನುಷ್ಯ ಭೂಮಿಗೆ ಮೇರೆ ಹಾಕಿದ ದಿನವೇ ನಾಗರಿಕತೆ ಹುಟ್ಟಿತೆಂಬುದು ನನ್ನ ಬಹುಕಾಲದ ನಂಬಿಕೆ. ಆಳಂದದ ಆಡುಗಳಿಗೆ ಮಾತ್ರ ಈ ಸಂಗತಿಯನ್ನು ಇನ್ನೂ ಯಾರೂ ತಿಳಿಸಿದಂತಿಲ್ಲ.

ನಮ್ಮ ಮನೆ ಬಡಾವಣೆಯ ಕೊನೆಗಿದೆ. ಅದರಾಚೆ ಇರುವುದು ನಕ್ಷೆಯಲ್ಲಿ ಸಾರ್ವಜನಿಕ ಉದ್ಯಾನ, ಕಣ್ಣಿಗೆ ಜಾಲಿಗಿಡ. ಅಲ್ಲಿ ಮೇಯುವ ಆಡುಗಳು ನನ್ನ ಹೆಂಡತಿ ಶರಣಮ್ಮ ಹಿಂದಿನ ಅಂಗಳದಲ್ಲಿ ಬೆಳೆಸಿದ ಪುಂಡಿಪಲ್ಲೆಯ ಹುಳಿಸೊಪ್ಪನ್ನು ಎರಡು ಸಲ ಬುಡಮಟ್ಟ ಮೇಯ್ದಮೇಲೆ, ಅವಳು ಮೂರು ಹೊತ್ತೂ ಬರೀ ಬೇಳೆ ಬಡಿಸುವ ಮೌನ ಸತ್ಯಾಗ್ರಹ ಹೂಡಿದಳು. ನಾನು ಗೋಡೆ ಕಟ್ಟಿಸಿದೆ. ಸಾರ್ವಜನಿಕ ಬಯಲಿನ ಕಡೆಯ ಗೋಡೆ, ಮೇಲಿನ ತಂತಿ, ಮುಳ್ಳು ಎಲ್ಲ ಸೇರಿ ನಾಲ್ಕು ಅಡಿ ಮೀರಬಾರದೆಂಬ ನಿಯಮವನ್ನು ನಿವೃತ್ತ ಮಾಸ್ತರನಿಗೆ ಸಹಜವಾದ ಭಯಭಕ್ತಿಯಿಂದ ಓದಿಕೊಂಡು, ಅಂಗಳದಲ್ಲಿ ನಿಂತು ನಾನೇ ಟೇಪು ಹಿಡಿದಿದ್ದೆ. ಪುಂಡಿ ಚಿಗುರಿತು, ಊಟಕ್ಕೆ ರುಚಿ ಮರಳಿತು. ಗೋಡೆಯ ಅಂತಿಮ ಮಂಜೂರಾತಿಗೆ ಪುರಸಭೆಗೆ ಅಲೆದದ್ದನ್ನು ವಿವರಿಸಲು ನನಗೆ ತ್ರಾಣವಿಲ್ಲ. ಕಡತವಿದ್ದ ದಿನ ಸಾಹೇಬರಿಲ್ಲ, ಸಾಹೇಬರಿದ್ದ ದಿನ ಕಡತವಿಲ್ಲ.

ಕೊನೆಗೊಮ್ಮೆ ಎಂಜಿನಿಯರ್ ಬಂದರು. ಬಂದವರು ಅಂಗಳಕ್ಕೆ ಬಾರದೆ ಜಾಲಿಗಿಡಗಳ ಕಡೆ ಇಳಿದು ಟೇಪು ಬಿಟ್ಟರು.

“ಒಳಗ ನಾಕ್ ಫೂಟ್ ಖರೇ ಅದರಿ ಸರ್. ನಾವ್ ಅಳಿಯೋದು ಹೊರಗಿಂದ. ಇಲ್ಲಿ ಆರ್ ಅದ. ಎರಡ್ ಫೂಟ್ ಒಡಸ್ರಿ.”

ಈ ಕಡೆ ನೆಲ ಇಷ್ಟು ತೆಗ್ಗಾದದ್ದು ಹೇಗೆಂದೂ ಅವರು ವಿಚಾರಿಸಿದರು. ನಾನು ಆಕಾಶ ನೋಡಿದೆ. ಚಹಾ ತಂದ ಶರಣಮ್ಮ ನೆಲ ನೋಡಿದಳು.

“ಹೇಳ್ರಲ್ಲ. ಆ ಗರಸೆಲ್ಲ ನಮ್ಮ ಮನಿ ಬುಡಕ್ಕೇ ಅದ ಅಂತ.”

ಮನೆ ಕಟ್ಟುವಾಗ ಉದ್ಯಾನದ ಗರಸು ಮಣ್ಣು ಅಗೆದು ಅಂಗಳ ಎತ್ತರಿಸಿಕೊಳ್ಳುವುದು ನಮ್ಮ ಬಡಾವಣೆಯ ಸಂಪ್ರದಾಯ. ಸಾರ್ವಜನಿಕ ಆಸ್ತಿಯ ರಕ್ಷಣೆಯ ಕುರಿತು ಮೂವತ್ತು ವರ್ಷ ಪಾಠ ಹೇಳಿದ ನಾನು, ಮಿಕ್ಕವರಿಗಿಂತ ಒಂದು ಟ್ರ್ಯಾಕ್ಟರ್ ಹೆಚ್ಚೇ ತಂದಿದ್ದೆ. ಅಂದಿನಿಂದ ಆ ಆಸ್ತಿ ನನ್ನ ಕಾಲಡಿಯೇ ಸುರಕ್ಷಿತವಾಗಿತ್ತು.

ಗೋಡೆ ಒಡೆಯಲು ಮನಸ್ಸಾಗಲಿಲ್ಲ. ನರೋಣಾ ಕಡೆಯಿಂದ ಮಣ್ಣು ತರಿಸಿ, ಗೋಡೆಯುದ್ದಕ್ಕೂ ಉದ್ಯಾನಕ್ಕೆ ಅದರ ಎರಡು ಅಡಿಯನ್ನು ಮರಳಿಸಿದೆ. ಇಷ್ಟು ವಯಸ್ಸಿನಲ್ಲಿ ಪ್ರಾಮಾಣಿಕನಾಗುವುದು ಬಹಳ ಆಯಾಸದ ಕೆಲಸ. ಎಂಜಿನಿಯರ್ ಮತ್ತೆ ಅಳೆದು, ನಾಲ್ಕು ಅಡಿ ಎಂದು ಬರೆದು, ಸಹಿ ಹಾಕಿ ಹೋದರು.

ಮರುದಿನ ಬೆಳಿಗ್ಗೆ ಆಡುಗಳು ಹೊಸ ಮಣ್ಣಿನ ಮೇಲೆ ಸಾಲಾಗಿ ನಿಂತು, ಗೋಡೆಯ ಮೇಲೆ ಮುಂಗಾಲೂರಿ, ಯಾವ ಅವಸರವೂ ಇಲ್ಲದೆ ಒಳಗಿಳಿದವು.

“ಮೆಟ್ಲಾ ಭಾಳ ಛಲೋ ಕಟ್ಸೀರಿ,” ಎಂದಳು ಶರಣಮ್ಮ.

ಮಂಜೂರಾತಿ ಪತ್ರ ಕಪಾಟಿನಲ್ಲಿದೆ. ಪುಂಡಿಪಲ್ಲೆ ಸಂತೆಯಿಂದ ಬರುತ್ತದೆ.