ಅದು ಯಾರ ಎದೆಬಡಿತ

ಆ ವಾಚನ್ನು ನಾವು ಅಂಗಡಿಗೆ ಹೋಗಿ ಆರಿಸಿ ತಂದದ್ದಲ್ಲ. ನನ್ನ ಯಜಮಾನರಿಗೆ ಅವೆನ್ಯೂ ರಸ್ತೆಯಲ್ಲಿ ಸ್ಟೇಷನರಿಯ ಸಗಟು ಅಂಗಡಿ ಇದೆ. ಪ್ರತಿ ದೀಪಾವಳಿಗೂ ಸಿಹಿಯ ಡಬ್ಬ ಕಳಿಸುತ್ತಿದ್ದ ಏಜೆಂಟರೊಬ್ಬರು ಆ ವರ್ಷ ಇದನ್ನು ಕಳಿಸಿದರು. ಗಂಟೆ ತೋರಿಸುವುದು ಅದಕ್ಕೆ ಕೊನೆಯ ಕೆಲಸ. ಎದೆ ಹೇಗೆ ಬಡಿಯುತ್ತಿದೆ, ಉಸಿರು ಎಷ್ಟು ಬೇಗ ಬೇಗ ಬರುತ್ತಿದೆ, ರಕ್ತದಲ್ಲಿ ಆಮ್ಲಜನಕ ಸಾಕಷ್ಟಿದೆಯೇ ಎಂಬುದನ್ನೆಲ್ಲ ಮಣಿಕಟ್ಟಿನ ಮೇಲೆ ಕೂತೇ ತಿಳಿದುಕೊಂಡು ಯಜಮಾನರ ಮೊಬೈಲಿಗೆ ಒಪ್ಪಿಸುತ್ತಿತ್ತು. ಚರ್ಮಕ್ಕೆ ತಾಗುವ ಕಡೆ ಹಸಿರು ಬೆಳಕೊಂದು ಮಿಣುಕುತ್ತಿರುತ್ತದೆ. ನನಗೆ ಮೊದಲ ದಿನವೇ ಅದು ಹಿಡಿಸಲಿಲ್ಲ. ಕೇಳದೆ ಒಳಗೆ ಇಣುಕುವವರನ್ನು ಕಂಡರೆ ನನಗಾಗುವುದಿಲ್ಲ, ಪಕ್ಕದ ಮನೆಯವರಾದರೂ ಅಷ್ಟೇ, ಯಂತ್ರವಾದರೂ ಅಷ್ಟೇ.

ಆದರೂ ಬಂದ ವಸ್ತುವನ್ನು ಬೀರುವಿನಲ್ಲಿಟ್ಟು ಕೊಳೆಸಲು ಮನಸ್ಸಾಗಲಿಲ್ಲ. ಅವರು ಬೆಳಗ್ಗೆ ವಾಕಿಂಗಿಗೆ ಕಟ್ಟಿಕೊಂಡು ಹೋಗುತ್ತಿದ್ದರು. ಅಂಗಡಿಯಲ್ಲಿ ಗೋಂದು, ಧೂಳು, ಇಂಕು. ಹಾಗಾಗಿ ಸ್ನಾನಕ್ಕೆ ಮುಂಚೆ ಬಿಚ್ಚಿ ಟೀವಿಯ ಪಕ್ಕ ಚಾರ್ಜಿಗೆ ಹಾಕುತ್ತಿದ್ದರು. ನಾನು ಬಸವನಗುಡಿಯ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಸಂಜೆ ಮನೆಗೆ ಬಂದು ಕಾಫಿ ಕುಡಿದು, ತರಕಾರಿಗೆ ಗಾಂಧಿ ಬಜಾರಿಗೆ ಹೊರಟಾಗ ಅದನ್ನು ಕೈಗೆ ಸಿಕ್ಕಿಸಿಕೊಳ್ಳುತ್ತಿದ್ದೆ. ಹೀಗೆ ಒಂದು ವಾಚು, ಎರಡು ಕೈ.

ಚಾಮರಾಜಪೇಟೆಯ ನಮ್ಮ ಮನೆಯಲ್ಲಿರುವುದು ಮೂವರು. ನಾವಿಬ್ಬರು, ಮತ್ತೆ ಯಜಮಾನರ ಅಕ್ಕ. ನಾನೂ ಅವರನ್ನು ಅಕ್ಕ ಎಂದೇ ಕರೆಯುತ್ತೇನೆ. ಮದುವೆಯಾಗಲಿಲ್ಲ. ಪ್ರೈಮರಿ ಸ್ಕೂಲಿನಲ್ಲಿ ಮೇಡಂ ಆಗಿದ್ದು ರಿಟೈರಾದವರು. ಸಣಕಲು ಜೀವ, ಖಡಕ್ ಮಾತು. ಹಗಲಿಡೀ ಮನೆಯಲ್ಲಿ ಅವರೊಬ್ಬರೇ.

ಒಂದು ಸಂಜೆ ಯಜಮಾನರು ಅಂಗಡಿಯಿಂದ ಬಂದ ಸ್ವಲ್ಪ ಹೊತ್ತಿಗೆ ಅವರ ಮೊಬೈಲಿಗೆ ಆ ವಾಚಿನಿಂದ ಒಂದು ಸಂದೇಶ ಬಂತು. ಹೃದಯದ ಬಡಿತದಲ್ಲಿ ಮತ್ತೆ ಮತ್ತೆ ಏರುಪೇರು ಕಾಣುತ್ತಿದೆ, ವೈದ್ಯರನ್ನು ಕಾಣುವುದು ಒಳ್ಳೆಯದು ಎಂದು ಅದರಲ್ಲಿತ್ತು. ನಾನು ಅವರ ಭುಜದ ಹಿಂದಿನಿಂದ ಓದಿದೆ. ಅವರು ಮೊಬೈಲನ್ನು ಮಗುಚಿಟ್ಟರು. ಏನದು ಎಂದು ಅಕ್ಕ ಕೇಳಿದ್ದಕ್ಕೆ, ಏನೋ ಜಾಹೀರಾತು ಎಂದುಬಿಟ್ಟರು. ಆ ಸುಳ್ಳು ಅಷ್ಟು ಸಲೀಸಾಗಿ ಬಂದದ್ದನ್ನು ನೋಡಿಯೇ ನನಗೆ ಖಾತ್ರಿಯಾಯಿತು. ಇದು ಇವರದೇ ಎದೆ, ಇವರಿಗೆ ಗೊತ್ತಿದ್ದೂ ಮುಚ್ಚಿಡುತ್ತಿದ್ದಾರೆ.

ಅಂದಿನಿಂದ ನಾನು ಅವರನ್ನು ನೋಡುವ ರೀತಿಯೇ ಬದಲಾಯಿತು. ತಾರಸಿಗೆ ಹೋಗುವಾಗ ಮೆಟ್ಟಿಲ ನಡುವೆ ನಿಂತು ಕರಿಬೇವಿನ ಗಿಡ ನೋಡುತ್ತಾರಲ್ಲ, ಅದು ಗಿಡ ನೋಡುವುದೋ, ಉಸಿರು ಸುಧಾರಿಸಿಕೊಳ್ಳುವ ನೆಪವೋ? ಸಾರಿಗೆ ಉಪ್ಪು ಜಾಸ್ತಿಯಾಯಿತು ಎಂದು ಮೊದಲೆಲ್ಲ ಗೊಣಗದವರು ಈಗ ಯಾಕೆ ಗೊಣಗುತ್ತಾರೆ? ಭಾನುವಾರ ಊಟವಾಗಿ ಮಲಗಿದಾಗ ಪಕ್ಕದಲ್ಲಿ ಕೂತು ಅವರ ಎದೆ ಏರಿಳಿಯುವುದನ್ನೇ ನೋಡುತ್ತಿದ್ದೆ. ಒಮ್ಮೆ ಮೆಲ್ಲಗೆ ಮಣಿಕಟ್ಟಿನ ಮೇಲೆ ಬೆರಳಿಟ್ಟೆ. ಅವರು ನಿದ್ದೆ ಮಾಡಿರಲೇ ಇಲ್ಲ.

“ಏನು ಹುಡುಕ್ತಿದೀಯ?” ಎಂದರು, ಕಣ್ಣು ಬಿಡದೆ.

“ಸೊಳ್ಳೆ ಕೂತಿತ್ತು” ಎಂದೆ.

ಅವರೂ ಸುಮ್ಮನಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ನಾನು ಚಪಾತಿ ಲಟ್ಟಿಸುವಾಗ ಅಡುಗೆಮನೆಯ ಬಾಗಿಲಲ್ಲಿ ಪೇಪರು ಹಿಡಿದು ನಿಲ್ಲುತ್ತಿದ್ದುದು ನನ್ನ ಏದುಸಿರು ಕೇಳಲಿಕ್ಕಂತೆ. ತರಕಾರಿ ಚೀಲ ತಾವೇ ಹೊರುತ್ತೇನೆಂದು ಸಂಜೆ ಜೊತೆಗೆ ಬರತೊಡಗಿದ್ದೂ ಅದಕ್ಕೇ. ನನ್ನ ಅಮ್ಮ ಎದೆನೋವಿನಿಂದ ಹೋದದ್ದು ಅವರ ತಲೆಯಲ್ಲಿ ಕೂತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಿದ್ದೆವು. ಅದು ಪ್ರೀತಿಯೇ ಇರಬಹುದು, ಆದರೆ ಮನೆಯಲ್ಲಿ ಅದು ಪ್ರೀತಿಯ ಹಾಗೆ ಇರಲಿಲ್ಲ. ಕಳ್ಳನನ್ನು ಹಿಡಿಯಲು ಹೊಂಚುಹಾಕಿ ಕೂತವರ ಹಾಗೆ ಇದ್ದೆವು.

ಕೊನೆಗೆ ಒಂದು ಬೆಳಗ್ಗೆ ನಾನೇ ಬಾಯಿಬಿಟ್ಟು ಡಾಕ್ಟರ ಹತ್ತಿರ ಹೋಗೋಣ ಎಂದೆ. ಅವರು ತಕ್ಷಣ ಒಪ್ಪಿದರು. ನನ್ನನ್ನು ತೋರಿಸಲು ಅವರು ಹೊರಟಿದ್ದರು, ಅವರನ್ನು ತೋರಿಸಲು ನಾನು. ಡಾಕ್ಟರು ನಮ್ಮಿಬ್ಬರ ಮಾತನ್ನೂ ಕೇಳಿ ಮೊಬೈಲನ್ನು ಮೇಜಿನ ಮೇಲಿಟ್ಟರು.

“ಒಂದೇ ವಾಚನ್ನ ಇಬ್ರೂ ಕಟ್ಕೋತೀರ. ಇದು ಯಾರದು ಅಂತ ನಾನು ಹೇಗೆ ಓದ್ಲಿ?”

ಆಮೇಲೆ ಇಬ್ಬರಿಗೂ ಇಸಿಜಿ ಮಾಡಿಸಿದರು. ಅದರಲ್ಲಿ ಏನೂ ಕಾಣದಿದ್ದಾಗ ಇಬ್ಬರ ಎದೆಗೂ ಬ್ಯಾಂಡೇಜಿನಂಥ ಒಂದೊಂದು ಪ್ಯಾಚ್ ಅಂಟಿಸಿ, ಅದು ಹಗಲು ರಾತ್ರಿ ಬಡಿತವನ್ನೂ ಉಸಿರನ್ನೂ ಬರೆದುಕೊಳ್ಳುತ್ತದೆ, ಕೀಳಬೇಡಿ ಎಂದು ಕಳಿಸಿದರು. ಅದನ್ನು ಅಂಟಿಸಿಕೊಂಡಷ್ಟು ದಿನ ನಾನು ಮನಸ್ಸು ಬಿಚ್ಚಿ ಜಗಳವನ್ನೂ ಆಡಲಿಲ್ಲ. ಎಲ್ಲಿ ಅದರಲ್ಲಿ ಬಂದುಬಿಡುತ್ತದೋ ಎಂಬ ಅಳುಕು.

ಪ್ಯಾಚಿನ ವರದಿ ಬಂತು. ಇಬ್ಬರ ಹೃದಯವೂ ನಮ್ಮ ವಯಸ್ಸಿಗೆ ಚೆನ್ನಾಗಿಯೇ ಇದೆ ಎಂದರು ಡಾಕ್ಟರು. ನಮಗೆ ಸಮಾಧಾನವಾಗಬೇಕಿತ್ತು. ಆದರೆ ಅವರು ಮೊಬೈಲನ್ನು ಇಸಿದುಕೊಂಡು ಒಳಗೆಲ್ಲೋ ಒತ್ತಿ ನೋಡಿ, ಈ ಏರುಪೇರು ಬಂದಿರುವುದೆಲ್ಲ ಮಧ್ಯಾಹ್ನದ ಹೊತ್ತು, ಆಗ ಯಾರು ಕಟ್ಟಿಕೊಳ್ಳುತ್ತೀರಿ ಎಂದು ಕೇಳಿದರು. ಯಾರೂ ಇಲ್ಲ ಎಂದೆವು. ಮಧ್ಯಾಹ್ನ ವಾಚು ಟೀವಿಯ ಪಕ್ಕ ಚಾರ್ಜಿನಲ್ಲಿರುತ್ತದೆ.

ಮನೆ ಸೇರಿದ ಮೇಲೆ ಯಜಮಾನರೇ ಕೇಳಿದರು.

“ನೀನು ವಾಚನ್ನ ಕಾಲೇಜಿಗೆ ತಗೊಂಡು ಹೋಗ್ತೀಯ?”

“ಇಲ್ಲಪ್ಪ. ನೀವು ಮಧ್ಯಾಹ್ನ ಮನೆಗೆ ಬರ್ತೀರಾ?”

“ನಾನ್ಯಾಕೆ ಬರ್ಲಿ?”

ಆ ‘ಯಾಕೆ’ ನನಗೆ ಸರಿಕಾಣಲಿಲ್ಲ. ಹಾಗೆ ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ ಎನ್ನಿಸಿತು. ಎದೆಯಲ್ಲಿ ಏನೋ ಆಗುತ್ತಿದೆ, ಅಂಗಡಿ ಬಿಟ್ಟು ಬಂದು ವಾಚು ಕಟ್ಟಿಕೊಂಡು ಮಲಗಿ ಹೋಗುತ್ತಾರೆ, ಪ್ಯಾಚಿದ್ದ ದಿನಗಳಲ್ಲಿ ಮಾತ್ರ ಅದು ಕಾಣಿಸಿಕೊಂಡಿಲ್ಲ ಎಂದು ಒಂದು ಕಥೆಯನ್ನೇ ಕಟ್ಟಿಕೊಂಡೆ. ಅಕ್ಕನನ್ನು ಕೇಳಿದೆ. ಊಟ ಮಾಡಿದ್ದೇ ನನಗೆ ನಿದ್ದೆ ಬಂದುಬಿಡುತ್ತದೆ, ಯಾರು ಬಂದು ಹೋದರೋ ನನಗೇನು ಗೊತ್ತು ಎಂದರು. ಗೇಟು ಕಿರ್ ಎಂದರೆ ಎದ್ದು ಕಿಟಕಿಗೆ ಬರುವವರು ಅವರು. ಸರಿ, ತಮ್ಮನನ್ನು ಕಾಪಾಡುತ್ತಿದ್ದಾರೆ ಎಂದುಕೊಂಡೆ. ಅಕ್ಕ ತಮ್ಮ ಒಂದಾಗಿ ನನ್ನನ್ನು ಹೊರಗಿಟ್ಟಿದ್ದಾರೆ ಎಂಬ ಸಿಟ್ಟು, ಅದರ ಜೊತೆಗೆ ಭಯ. ಹಲವು ದಿನ ಹಾಗೆಯೇ ಕಳೆದವು.

ಒಂದು ಸಂಜೆ ವಾಚು ಕಟ್ಟಿಕೊಳ್ಳಲು ತೆಗೆದುಕೊಂಡವಳು ಅದರ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಕಪ್ಪು ರಬ್ಬರಿನ ಪಟ್ಟಿ. ನಾನು ಸಿಕ್ಕಿಸುವ ತೂತಿನ ಹತ್ತಿರ ಒಂದು ಮಡಿಕೆ ಬಿದ್ದಿತ್ತು. ಯಜಮಾನರ ದಪ್ಪ ಕೈಗೆ ಬೇಕಾಗುವ ತೂತಿನ ಹತ್ತಿರ ಇನ್ನೊಂದು. ಇವೆರಡೂ ಅಲ್ಲದೆ, ತೀರಾ ಒಳಗಿನ ತೂತಿನ ಹತ್ತಿರ ಮೂರನೆಯದೊಂದು ಇತ್ತು. ಆ ತೂತಿಗೆ ಸಿಕ್ಕಿಸಿದರೆ ನನ್ನ ಕೈ ಒಳಗೆ ತೂರುವುದೇ ಇಲ್ಲ. ನಮ್ಮ ಮನೆಯಲ್ಲಿ ಅಷ್ಟು ಸಣ್ಣ ಮಣಿಕಟ್ಟು ಇರುವುದು ಒಬ್ಬರಿಗೇ.

ಯಜಮಾನರಿಗೆ ಏನೂ ಹೇಳಲಿಲ್ಲ. ಮಾರನೆಯ ದಿನ ಅರ್ಧ ದಿನ ರಜೆ ಹಾಕಿ ಮಧ್ಯಾಹ್ನವೇ ಮನೆಗೆ ಬಂದೆ. ಗೇಟನ್ನು ಎತ್ತಿ ಸದ್ದಾಗದಂತೆ ತೆರೆದೆ. ನನ್ನ ಮನೆಗೆ ನಾನೇ ಹಾಗೆ ಬಂದದ್ದು ನೆನೆದರೆ ಈಗಲೂ ಮುಜುಗರವಾಗುತ್ತದೆ. ಟೀವಿಯ ಪಕ್ಕ ಚಾರ್ಜರ್ ಖಾಲಿಯಾಗಿತ್ತು. ಅಕ್ಕ ತಮ್ಮದೇ ಕೋಣೆಯಲ್ಲಿ ಬೆತ್ತದ ಕುರ್ಚಿಯ ಮೇಲೆ ನೆಟ್ಟಗೆ ಕೂತಿದ್ದರು. ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು, ವಾಚಿನ ಮುಖವನ್ನೇ ನೋಡುತ್ತಿದ್ದರು, ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ. ನನ್ನನ್ನು ಕಂಡು ಅವರು ಬೆಚ್ಚಲಿಲ್ಲ, ವಾಚು ಬಿಚ್ಚಲೂ ಇಲ್ಲ.

“ಗೊತ್ತಾಯ್ತಾ?” ಎಂದರು.

ನಾನು ಮಂಚದ ಅಂಚಿನಲ್ಲಿ ಕೂತೆ. ಮಳೆಗಾಲ ಮುಗಿಯುವ ಹೊತ್ತಿಗೆ ದೇವಸ್ಥಾನದ ಮೆಟ್ಟಿಲ ಮೇಲೆ ಎದೆ ಪಟಪಟ ಹೊಡೆದುಕೊಂಡು ಕೂತುಬಿಟ್ಟಿದ್ದರಂತೆ. ಆಮೇಲೆ ಆಗಾಗ ಹಾಗೆ. ವಾಚು ಬಂದ ಮೇಲೆ, ಯಾರಿಗೂ ಹೇಳದೆ ತಾವೇ ನೋಡಿಕೊಳ್ಳಬಹುದಲ್ಲ ಎಂದು ದಿನಾ ಕಟ್ಟಿಕೊಳ್ಳತೊಡಗಿದರು. ಅದರ ಮುಖದ ಮೇಲೆ ಬರುವ ಅಂಕಿ ನೋಡಿ, ಪರವಾಗಿಲ್ಲ, ಬಡಿಯುತ್ತಿದೆ ಎಂದುಕೊಳ್ಳುತ್ತಿದ್ದರು. ಅದು ಎಲ್ಲವನ್ನೂ ತಮ್ಮನ ಮೊಬೈಲಿಗೆ ಕಳಿಸುತ್ತದೆಂದು ಗೊತ್ತಿರಲಿಲ್ಲ. ನಾವಿಬ್ಬರೂ ಎದೆಗೆ ಪ್ಯಾಚ್ ಅಂಟಿಸಿಕೊಂಡು ಬಂದ ದಿನ ಅರ್ಥವಾಯಿತು, ಆದರೆ ಅಷ್ಟರಲ್ಲಿ ಆ ಅಂಕಿ ನೋಡದೆ ಇರಲಾಗುತ್ತಿರಲಿಲ್ಲವಂತೆ.

“ಆಗ್ಲಾದ್ರೂ ಹೇಳ್ಬಾರ್ದಿತ್ತಾ ಅಕ್ಕ?” ಎಂದೆ.

ಅವರ ಜೊತೆ ಪಾಠ ಮಾಡುತ್ತಿದ್ದ ಗೆಳತಿಯೊಬ್ಬರ ವಿಷಯ ಹೇಳಿದರು. ಅವರೂ ಒಂಟಿ, ಅಣ್ಣನ ಮನೆಯಲ್ಲಿದ್ದವರು. ಹಾರ್ಟ್ ಆಪರೇಷನ್ ಆದಮೇಲೆ ನೋಡಿಕೊಳ್ಳುವವರಿಲ್ಲ ಎಂದು ವೃದ್ಧಾಶ್ರಮಕ್ಕೆ ಸೇರಿಸಿದರು. ಅಕ್ಕ ಹಣ್ಣು ಹಿಡಿದು ಅಲ್ಲಿಗೆ ಹೋಗಿ ಬರುತ್ತಿದ್ದುದು ನನಗೂ ಗೊತ್ತಿತ್ತು. ಅಲ್ಲಿಂದ ಏನು ಹೊತ್ತು ತರುತ್ತಿದ್ದರೆಂದು ಗೊತ್ತಿರಲಿಲ್ಲ.

“ಮೊದ್ಲು ಮಾತ್ರೆ, ಆಮೇಲೆ ಪಥ್ಯ, ಆಮೇಲೆ ಒಂದು ಸೂಟ್‌ಕೇಸು. ನಾನು ನೋಡಿದೀನಿ ಕಣೆ. ನೀವು ಫ್ಲ್ಯಾಟಿಗೆ ಹೋಗೋ ಮಾತಾಡ್ತಿದ್ರಿ. ಎರಡು ರೂಮು ಸಾಕು ಅಂತಿದ್ರಿ.”

ಆ ಮಾತು ನಾವು ಆಡಿದ್ದು ನಿಜ. ಎರಡು ರೂಮಿನಲ್ಲಿ ಒಂದು ಅವರದೇ ಎಂದುಕೊಂಡೇ ಆಡಿದ್ದೆವು. ಆದರೆ ಅದನ್ನು ಬಾಯಿಬಿಟ್ಟು ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಯಜಮಾನರು ಅಂಗಡಿಯಿಂದ ಬಂದಾಗ ಅಕ್ಕ ತಾವೇ ಎಲ್ಲ ಹೇಳಿದರು. ಅವರು ಷೂ ಬಿಚ್ಚುತ್ತಾ ಕೇಳುತ್ತಿದ್ದವರು ಒಂದನ್ನು ಬಿಚ್ಚಿ ಹಾಗೆಯೇ ಕೂತರು.

“ನಿನ್ನ ಕಳಿಸ್ಬಿಡ್ತೀನಿ ಅಂದ್ಕೊಂಡ್ಯಾ ಅಕ್ಕ?”

“ಅಂದ್ಕೊಂಡೆ.”

ಅಕ್ಕ ಅದನ್ನು ಮೆತ್ತಗೆ ಮಾಡಿ ಹೇಳಲಿಲ್ಲ. ಯಜಮಾನರು ಎದ್ದು ಹಿತ್ತಲಿಗೆ ಹೋಗಿ ನಲ್ಲಿ ತಿರುಗಿಸಿ ಬಹಳ ಹೊತ್ತು ಮುಖ ತೊಳೆದುಕೊಂಡರು. ನಾನು ಅಡುಗೆಮನೆಗೆ ಹೋಗಿ ಅನ್ನಕ್ಕಿಟ್ಟೆ. ಇಷ್ಟು ವರ್ಷ ಒಂದೇ ಒಲೆಯ ಅನ್ನ ಉಂಡವರು ನಮ್ಮನ್ನು ಹಾಗೆ ತಿಳಿದರಲ್ಲ ಎಂದು ನೋವಾಯಿತು. ಅವರ ಮೇಲೆ ನಾನು ಏನೇನು ಅನುಮಾನ ಪಟ್ಟಿದ್ದೆನೋ ಅದೂ ನೆನಪಾಗಿ, ಆ ನೋವನ್ನು ಹೇಳಿಕೊಳ್ಳುವ ಬಾಯಿ ಇರಲಿಲ್ಲ.

ಮೂವರೂ ಅದೇ ಡಾಕ್ಟರ ಹತ್ತಿರ ಹೋದೆವು. ಅಕ್ಕನ ಎದೆಗೆ ಪ್ಯಾಚ್ ಬಂತು. ಇದು ಮಾತನ್ನೂ ಕೇಳಿಸಿಕೊಳ್ಳುತ್ತದೆಯೇ ಎಂದು ಅವರು ಡಾಕ್ಟರನ್ನು ಎರಡು ಸಲ ಕೇಳಿದರು. ಇಲ್ಲ ಎಂದರೂ ಅದಿದ್ದಷ್ಟು ದಿನ ಮನೆಯಲ್ಲಿ ತಗ್ಗಿದ ದನಿಯಲ್ಲೇ ಮಾತಾಡಿದರು. ಹೃದಯದ ಮೇಲಿನ ಭಾಗ ಸರಿಯಾಗಿ ಬಡಿಯುವ ಬದಲು ಆಗಾಗ ನಡುಗುತ್ತದೆ, ಹೀಗೇ ಬಿಟ್ಟಿದ್ದರೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗುವ ಅಪಾಯವಿತ್ತು, ಈಗ ಮಾತ್ರೆಯಲ್ಲಿ ಹಿಡಿತಕ್ಕೆ ತರಬಹುದು ಎಂದರು ಡಾಕ್ಟರು. ಆಪರೇಷನ್ ಬೇಡ ಎಂದ ಕೂಡಲೇ ಅಕ್ಕ ನನ್ನ ಕೈ ಹಿಡಿದುಕೊಂಡರು. ಅವರು ಹಾಗೆ ಮಾಡುವವರಲ್ಲ.

ಫ್ಲ್ಯಾಟಿನ ಮಾತು ಅಲ್ಲಿಗೇ ನಿಂತಿತು. ಅಕ್ಕ ಈಗ ಬೆಳಗ್ಗೆ ಸಂಜೆ ಮಾತ್ರೆ ನುಂಗುತ್ತಾರೆ, ಬಾಯಿ ಮೊದಲಿನಷ್ಟೇ ಖಡಕ್ಕಾಗಿದೆ. ವಾಚು ಅವರಿಗೇ ಇರಲಿ, ಹಗಲಿಡೀ ಕಟ್ಟಿಕೊಂಡಿರಲಿ ಎಂದು ನಾವು ಹೇಳಿದಾಗ ಮಾತ್ರ ಒಂದು ಷರತ್ತು ಹಾಕಿದರು. ಅದು ತಮ್ಮನ ಮೊಬೈಲಿಗೆ ಏನೂ ಹೇಳಕೂಡದು.

“ನನ್ನ ಎದೆ ಸುದ್ದಿ ಮೊದ್ಲು ನನಗೆ ಬರ್ಲಿ. ನಿಮಗೆ ಹೇಳೋದು ಬಿಡೋದು ನಾನು ನೋಡ್ಕೋತೀನಿ.”

ಅವರಿಗೊಂದು ಹೊಸ ಮೊಬೈಲು ತಂದು ವಾಚನ್ನು ಅದಕ್ಕೆ ಜೋಡಿಸಿಕೊಟ್ಟೆವು. ಸಂಜೆ ನಾನು ಬಂದಾಗ, ಇವತ್ತು ಹೇಗಿತ್ತು ಅಕ್ಕ ಎಂದು ಕೇಳುತ್ತೇನೆ. ಚೆನ್ನಾಗಿತ್ತು ಎನ್ನುತ್ತಾರೆ. ನಿಜವೋ ಸುಳ್ಳೋ ಎಂದು ಅವರ ಮುಖವನ್ನು ಒಂದು ಗಳಿಗೆ ಹೆಚ್ಚಿಗೆ ನೋಡುತ್ತೇನೆ. ನಾನು ನೋಡುತ್ತಿದ್ದೇನೆಂದು ಗೊತ್ತಾಗಿ ಅವರು ಕಾಫಿಗೆ ಹಾಲು ಕಾಯಿಸಲು ಏಳುತ್ತಾರೆ.