ಬೀಗರ ಬಾಟ್ಲಿ

ಹೋದ ವಾರ ಹುಳಿಯಾರಿನಲ್ಲಿ ನನ್ನನ್ನು ನೋಡಿ ಏಳೆಂಟು ಜನ ಗಂಡಸರು ಒಟ್ಟಿಗೆ ಎದ್ದು ನಿಂತರು.

ಗೌರವಕ್ಕಲ್ಲ, ಭಯಕ್ಕೆ. ನಾನು ಹೋಗಿದ್ದು ವೈನ್ ಸ್ಟೋರಿಗೆ. ಅದೂ ಮಟಮಟ ಮಧ್ಯಾಹ್ನ. ಹಣೆಯಲ್ಲಿ ವಿಭೂತಿ, ಮೈಮೇಲೆ ಇಳಕಲ್ ಸೀರೆ, ಕೈಯಲ್ಲಿ ಬಟ್ಟೆ ಬ್ಯಾಗು. ಕೌಂಟರ್ ಪಕ್ಕದಲ್ಲಿದ್ದ ಒಬ್ಬ ಲೋಟವನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಇನ್ನೊಬ್ಬ ಗೋಡೆ ಕಡೆ ತಿರುಗಿ ಕ್ಯಾಲೆಂಡರ್ ಓದತೊಡಗಿದ. ಅಂಗಡಿ ಮಾಲೀಕ ಮಾತ್ರ ಧೈರ್ಯ ಮಾಡಿ, "ಅಮ್ಮಾ, ನಿಮ್ಮನೆಯೋರು ಇಲ್ಲಿಗೆ ಬಂದಿಲ್ಲ ಕಣಮ್ಮ, ದೇವ್ರಾಣೆ" ಅಂದ.

ನಮ್ಮನೆಯವರು ಬಂದಿದ್ದರು. ಅಲ್ಲೇ ಸ್ವಲ್ಪ ದೂರದಲ್ಲಿ, ಹುಣಸೆಮರದ ಕೆಳಗೆ, ಕಾರಿನೊಳಗೆ ತಲೆ ಮೇಲೆ ಟವೆಲ್ ಹೊದ್ದುಕೊಂಡು ಕೂತಿದ್ದರು. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟವರು. ಈ ಮೂರು ತಾಲ್ಲೂಕಿನಲ್ಲಿ ಅವರ ಮುಖ ಗೊತ್ತಿಲ್ಲದ ತೆಂಗಿನ ಮರವೂ ಇಲ್ಲ. ವೈನ್ ಸ್ಟೋರ್ ಮೆಟ್ಟಿಲ ಮೇಲೆ ಕಂಡರೆ ಸಾಯಂಕಾಲದೊಳಗೆ ಇಡೀ ಮಾರ್ಕೆಟ್ಟಿಗೆ ಸುದ್ದಿ. ಹಾಗಾಗಿ ನಾನು.

"ಗಂಡನ್ನ ಹುಡುಕ್ಕೊಂಡು ಬಂದಿಲ್ಲ ಕಣಪ್ಪ. ಬರ್ಬನ್ ಇದೆಯಾ?" ಅಂದೆ.

(ಬಿಸ್ಕತ್ತಲ್ಲ. ತುರುವೇಕೆರೆ ಅಂಗಡಿಯವನು ಆಗಲೇ ನನ್ನನ್ನು ಬೇಕರಿಗೆ ಕಳಿಸಿ ಆಗಿತ್ತು. ಇದು ಅಮೆರಿಕದವರ ವಿಸ್ಕಿ. ಮುಸುಕಿನ ಜೋಳದಲ್ಲಿ ಮಾಡಿ, ಒಳಮೈ ಸುಟ್ಟ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡ್ತಾರಂತೆ.)

ನೀವು ಏನು ಯೋಚನೆ ಮಾಡ್ತಿದ್ದೀರಿ ಅಂತ ಗೊತ್ತು. ಪ್ರತಿ ವಾರ ಈ ಅಂಕಣದಲ್ಲಿ ಸೊಪ್ಪು, ಸೊಸೆ, ಸೀರಿಯಲ್ ಅಂತ ಬರೆಯೋ ಹೆಂಗಸಿಗೆ ಈ ವಯಸ್ಸಲ್ಲಿ ಇದೇನು ಬಂತು? ಹೇಳ್ತೀನಿ, ತಾಳಿ.

ನಮ್ಮ ಮಗಳನ್ನು ಅರಸೀಕೆರೆಗೆ ಕೊಟ್ಟಿದ್ದೀವಿ. ಬೀಗರು ಮಿಲಿಟರಿಯಿಂದ ರಿಟೈರ್ ಆದವರು. ದೊಡ್ಡ ಮೀಸೆ, ದೊಡ್ಡ ಗಂಟಲು, ಚಿನ್ನದಂಥ ಮನುಷ್ಯ. ಒಂದೇ ಹುಚ್ಚು. ಎಲ್ಲೂ ಸಿಗದ ಬಾಟ್ಲಿ ಹುಡುಕೋದು. ಕುಡಿಯೋದು ಕಮ್ಮಿ, ಹುಡುಕೋದು ಜಾಸ್ತಿ. ಯಾವೂರಿಗೆ ಮದುವೆಗೆ ಹೋದರೂ ತಾಳಿ ಕಟ್ಟೋ ಹೊತ್ತಿಗೆ ಅವರು ಊರಿನ ವೈನ್ ಸ್ಟೋರುಗಳಲ್ಲಿ ಧೂಳು ಹಿಡಿದ ಮೂಲೆ ನೋಡ್ತಿರ್ತಾರೆ.

ಮದುವೆಯಾದ ಹೊಸತರಲ್ಲಿ ಒಂದು ದಿನ ಪೇಪರ್ ಸುತ್ತಿದ ಬಾಟ್ಲಿ ಹಿಡ್ಕೊಂಡು ನಮ್ಮನೆಗೆ ಬಂದರು. ಮಗು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದರು.

"ಬೀಗರೇ, ಇದು ಯಾವಾಗಲೋ ಒಂದಷ್ಟು ಬಂದಿತ್ತು, ಆಮೇಲೆ ಬೆಂಗ್ಳೂರಲ್ಲೂ ಇಲ್ಲ. ಅಮೆರಿಕದಲ್ಲೇ ಇದನ್ನ ಲಾಟರಿ ಎತ್ತಿ ಮಾರ್ತಾರೆ. ನಮ್ಮನೇಲಿಟ್ರೆ ನನ್ ಫ್ರೆಂಡ್ಸ್ ಬಿಡಲ್ಲ. ನಿಮ್ದು ಕುಡಿಯದ ಮನೆ, ಭದ್ರ. ಮೊಮ್ಮಗು ನಾಮಕರಣದ ದಿನ ಬಂದು ತಗೊಂಡು ಹೋಗ್ತೀನಿ. ಅಲ್ಲೀತನಕ ನಿಮ್ ಜವಾಬ್ದಾರಿ" ಅಂದರು.

ಜವಾಬ್ದಾರಿ! ಹೆಣ್ಣು ಕೊಟ್ಟವರ ಕಿವಿಗೆ ಆ ಮಾತು ಹೇಗೆ ಕೇಳಿಸುತ್ತೆ ಅಂತ ಹೆಣ್ಣು ಕೊಟ್ಟವರಿಗೇ ಗೊತ್ತು. ಬೀಗರು ಕೊಟ್ಟ ಕೊತ್ತಂಬರಿ ಕಟ್ಟಾದರೂ ಬಾಡಬಾರದು.

ನಮ್ಮ ಕಡೆ ಭದ್ರ ಅಂದರೆ ಅಟ್ಟ. ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ, ನಮ್ಮ ಉಂಡೆ ಕೊಬ್ಬರಿ ಬಿಸಿಲಲ್ಲಿ ಒಣಗಿಸಿ ಮಾಡೋದಲ್ಲ. ಇಡೀ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ವರ್ಷ ಹತ್ತಿರ ಬಿಟ್ಟುಬಿಡ್ತೀವಿ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಡುತ್ತೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಲೊಟಲೊಟ ಅನ್ನುತ್ತೆ. ಆಗ ಇಳಿಸೋದು. ಅಲ್ಲೀತನಕ ಅಟ್ಟದ ತಂಟೆಗೆ ನಮ್ಮನೆಯವರೊಬ್ಬರನ್ನು ಬಿಟ್ಟು ಯಾರೂ ಹೋಗಲ್ಲ, ಕಳ್ಳರೂ ಹೋಗಲ್ಲ.

ನಮ್ಮನೆಯವರು ಬಾಟ್ಲಿಗೆ ಗೋಣಿತಾಟು ಸುತ್ತಿ, ಕಾಯಿಗಳ ಮಧ್ಯೆ ಬೆಚ್ಚಗೆ ಮಲಗಿಸಿದರು.

"ಹಳೇದಾದಷ್ಟೂ ರುಚಿ ಅಂತಾರೆ ಕಣೇ. ನಮ್ ಅಟ್ಟದಲ್ಲಿ ಇನ್ನೂ ಚೆನ್ನಾಗಿ ಮಾಗುತ್ತೆ. ಬೀಗರು ಬೆರಗಾಗ್ಬೇಕು, ಹಂಗೆ ವಾಪಸ್ ಕೊಡ್ತೀನಿ!"

ಬೆರಗಾದರು, ಆ ಮಾತು ಸುಳ್ಳಲ್ಲ. (ವಿಸ್ಕಿ ಮಾಗೋದು ಪೀಪಾಯಿಯಲ್ಲಿ ಮಾತ್ರ. ಬಾಟ್ಲಿಗೆ ಬಂದ ಮೇಲೆ ನೂರು ವರ್ಷ ಇಟ್ಟರೂ ಇದ್ದ ಹಾಗೇ ಇರುತ್ತೆ. ಅದನ್ನು ನಿಲ್ಲಿಸಿಯೇ ಇಡಬೇಕು, ಮಲಗಿಸಿದರೆ ಬಿರಡೆಯನ್ನೇ ತಿಂದುಹಾಕುತ್ತೆ. ಇದೆಲ್ಲ ನಮಗೆ ಯೂಟ್ಯೂಬ್ ನೋಡಿದ ಮೇಲೆ ಗೊತ್ತಾಯ್ತು. ಯೂಟ್ಯೂಬ್ ನೋಡಿದ್ದು ಎಲ್ಲ ಮುಗಿದ ಮೇಲೆ.)

ಮಲಗಿಸಿ ಸುಮ್ಮನೆ ಬಿಟ್ಟಿದ್ದರೂ ಆಗ್ತಿತ್ತೇನೋ. ಅಟ್ಟ ಹತ್ತಿದಾಗೆಲ್ಲ ನಾಲ್ಕು ಕಾಯಿ ಅಲ್ಲಾಡಿಸಿ ನೋಡೋದು ಅವರ ಹುಟ್ಟುಗುಣ. ಕಾಯಿ ಅಲ್ಲಾಡಿಸಿದ ಕೈ ಬಾಟ್ಲಿಯನ್ನು ಬಿಡುತ್ತಾ? ಅದನ್ನೂ ಕಿವಿ ಹತ್ತಿರ ಹಿಡಿದು ಅಲ್ಲಾಡಿಸೋರು. ನಾನು ಕೆಳಗಿಂದ, "ಏನ್ರೀ ಹೇಳುತ್ತೆ?" ಅಂತ ರೇಗಿಸಿದರೆ, "ಇನ್ನೂ ಹದ ಬಂದಿಲ್ಲ ಕಣೇ" ಅಂತ ಗಂಭೀರವಾಗಿ ಉತ್ತರ ಬರೋದು. ಮೇಲೆ ಶೀಟಿನ ಕಾವು, ಕೆಳಗೆ ಇವರ ಕುಲುಕಾಟ. ಪಾಪ, ಆ ಬಿರಡೆಯಾದರೂ ಎಷ್ಟು ತಡ್ಕೊಳ್ಳುತ್ತೆ?

ಮಗಳಿಗೆ ಹೆಣ್ಣು ಮಗು ಆಯ್ತು. ನಾಮಕರಣ ಇಲ್ಲೇ, ನಮ್ಮನೇಲೇ, ಅಂತ ದಿನ ನಿಗದಿಯಾಯ್ತು. ಆಸ್ಪತ್ರೆ, ಬಾಣಂತನದ ಓಡಾಟದಲ್ಲಿ ತಿಂಗಳುಗಟ್ಟಲೆ ಅಟ್ಟದ ಕಡೆ ತಲೆ ಹಾಕದ ಇವರು, ಇನ್ನೊಂದು ವಾರ ಇದೆ ಅನ್ನುವಾಗ ಹತ್ತಿ ಬಾಟ್ಲಿ ಎತ್ತಿದರು. ಎತ್ತಿದವರು ಅಲ್ಲೇ ಕೂತುಬಿಟ್ಟರು. ಬಾಟ್ಲಿ ಹಗುರ! ಒಂದು ತೊಟ್ಟಿಲ್ಲ. ಗೋಣಿತಾಟು ಒಂದಷ್ಟು ಕುಡಿದಿತ್ತು, ಸುತ್ತಲಿನ ಕಾಯಿಗಳ ನಾರು ಒಂದಷ್ಟು, ಮಿಕ್ಕಿದ್ದು ಗಾಳಿ. (ಆ ಮೂಲೆಯ ಕಾಯಿ ಸುಲಿಯೋಕೆ ಬಂದವರು ಮಾತ್ರ ಅವತ್ತು ಬೀಡಿಗೂ ಎದ್ದು ಹೋಗದೆ, ಹಾಡು ಹೇಳ್ಕೊಂಡು ಸುಲಿದರು.)

ನಾವಿಬ್ಬರೂ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ನಮ್ಮತ್ತೆ ಬಂದರು. ಬಾಟ್ಲಿಯನ್ನು ಬೆಳಕಿಗೆ ಹಿಡಿದು, "ಯಾಕ್ರಪ್ಪಾ ಹಿಂಗ್ ಕೂತಿದ್ದೀರಾ? ಬಾಟ್ಲಿ ಏನ್ ಚೆಂದಾಗೈತೆ! ತೊಳೆದು ಎಣ್ಣೆ ತುಂಬ್ಕೋತೀನಿ ಬುಡಿ" ಅಂತ ಎತ್ತಿಕೊಂಡು ಒಳಗೆ ಹೋದರು. ತೆಂಗಿನ ಸೀಮೆಯಲ್ಲಿ ಒಳ್ಳೆಯ ಬಾಟ್ಲಿಗೆ ಕೊನೆಗೆ ಬರೋ ಗತಿ ಅದೊಂದೇ.

ನನಗೆ ಚಿಂತೆ ಹತ್ತಿತು. ವಿಸ್ಕಿಗಾಗಿ ಅಲ್ಲ, ಅದು ಹಾಳಾಗಿ ಹೋಗಲಿ. ನೆಂಟರಿಷ್ಟರು ತುಂಬಿರೋ ಮನೆಯಲ್ಲಿ ಬೀಗರು ಆ ದೊಡ್ಡ ಗಂಟಲಲ್ಲಿ, "ಒಂದು ಬಾಟ್ಲಿ ಜೋಪಾನ ಮಾಡೋಕಾಗಲಿಲ್ವಾ?" ಅಂದುಬಿಟ್ಟರೆ? ನಾವೇನೋ ತಲೆ ತಗ್ಗಿಸಿ ನಿಲ್ತೀವಿ. ಬಾಣಂತಿ ಮಗಳು ಕೋಣೆಯಿಂದ ಅದನ್ನು ಕೇಳಿಸ್ಕೊಂಡರೆ? ನಾಳೆ ಆ ಮನೆಗೆ ಹೋಗಿ ಬಾಳಬೇಕಾದವಳು ಅವಳು.

ಅಲ್ಲಿಂದ ಶುರು ನಮ್ಮ ಬೇಟೆ. ತಿಪಟೂರು ಬಿಟ್ಟು ತುರುವೇಕೆರೆ. ಅಲ್ಲಿನ ಎರಡನೇ ಅಂಗಡಿಯವನು ಮೊಬೈಲಲ್ಲಿ ಬಾಟ್ಲಿ ಫೋಟೋ ನೋಡಿ, "ಇದಾ? ಹುಳಿಯಾರಲ್ಲಿ ಒಬ್ಬ ಇಟ್ಕೊಂಡವ್ನೆ. ಆದ್ರೆ ಮಾರಲ್ಲ ಕಣ್ರೀ" ಅಂದ. ಮಾರದೆ ಇರೋದಕ್ಕೆ ಅಂಗಡಿ ಯಾಕೆ ಇಟ್ಟ? ನೋಡೇ ಬಿಡೋಣ ಅಂತ ಚಿಕ್ಕನಾಯಕನಹಳ್ಳಿ ಮೇಲೆ ಹುಳಿಯಾರಿಗೆ ಬಂದದ್ದು.

ಮಾಲೀಕ ನನ್ನ ಪ್ರಶ್ನೆ ಕೇಳಿ ಮೇಲೆ ಕೈ ತೋರಿಸಿದ. ಲಕ್ಷ್ಮಿ ಫೋಟೋ ಪಕ್ಕದಲ್ಲಿ, ಕೆಂಪು ಬಲ್ಬಿನ ಕೆಳಗೆ, ಅದೇ ಬಾಟ್ಲಿ! ಕತ್ತಿಗೆ ಸೇವಂತಿಗೆ ಹಾರ. ಲೇಬಲ್ ಕಾಣದ ಹಾಗೆ ಅರಿಶಿನ ಕುಂಕುಮ.

"ಕಂಪ್ನಿಯೋನು ಬಲವಂತ ಮಾಡಿ ಒಂದಿಟ್ಟೋದ ಅಮ್ಮಾ. ಯಾರೂ ತಗೊಳ್ಳಲಿಲ್ಲ. ಆಯುಧಪೂಜೇಲಿ ತಕ್ಕಡಿ, ಗಲ್ಲಾಪೆಟ್ಟಿಗೆಗೆ ಇಟ್ಟಂಗೆ ಇದ್ಕೂ ಒಂದು ಬೊಟ್ಟು ಇಟ್ಟೆ. ಅವತ್ತಿಂದ ವ್ಯಾಪಾರ ಕೈ ಹಿಡೀತು. ದಿನಾ ಬೆಳಿಗ್ಗೆ ಮೊದ್ಲ ಊದುಬತ್ತಿ ಅದಕ್ಕೇ."

ವೈನ್ ಸ್ಟೋರಿನಲ್ಲಿ ತಕ್ಕಡಿ ಯಾಕೆ ಅಂತ ಕೇಳಬೇಕು ಅನ್ನಿಸಿತು. ಕೇಳೋ ಹೊತ್ತಲ್ಲ. ನಾಮಕರಣ, ಬೀಗರು, ಅಟ್ಟ, ಬಿರಡೆ, ಎಲ್ಲ ಬಿಡಿಸಿ ಹೇಳಿದೆ. ಕ್ಯಾಲೆಂಡರ್ ಓದ್ತಿದ್ದವನು ಕಣ್ಣೊರೆಸಿಕೊಂಡು ಈ ಕಡೆ ತಿರುಗಿದ. "ಕೊಡ್ಲಾ ಅತ್ಲಾಗೆ! ನಂಗೂ ಇಬ್ರು ಹೆಣ್ಮಕ್ಳವ್ರೆ. ಬೀಗರ ಕಾಟ ನಿಂಗೇನ್ಲಾ ಗೊತ್ತು?" ಲೋಟ ಬಚ್ಚಿಟ್ಟವನೂ, "ಹೂಂ ಕಣ್ಲಾ, ಪುಣ್ಯ ಬತ್ತದೆ" ಅಂತ ದನಿಗೂಡಿಸಿದ. ಜೀವಮಾನದಲ್ಲಿ ನನ್ನ ಪರವಾಗಿ ಇಷ್ಟು ಜನ ಗಂಡಸರು ಒಟ್ಟಿಗೆ ಮಾತಾಡಿದ್ದು ಅದೇ ಮೊದಲು.

ಮಾಲೀಕ ಕೈ ಮುಗಿದ. "ಅಮ್ಮಾ, ನಾನ್ ಬಂದು ಕೇಳಿದ್ರೆ ನಿಮ್ಮನೆ ದೇವ್ರನ್ನ ಕೊಟ್ಬುಡ್ತೀರಾ?"

ವಿಭೂತಿ ಹಚ್ಚಿಕೊಂಡ ನಾನು ಕೊಡ್ತೀನಿ ಅನ್ನೋಕಾಗುತ್ತಾ? ಇಂಗು ತಿಂದ ಮಂಗನ ಹಾಗೆ ಮೆಟ್ಟಿಲಿಳಿದೆ.

ವಾಪಸ್ ಬರ್ತಾ ನನಗೆ ಅನ್ನಿಸಿದ್ದು ಇದು. ಈ ಬಾಟ್ಲಿಯನ್ನು ಬೀಗರು ಕುಡಿಯಲಿಲ್ಲ, ನಾವು ಕುಡಿಯಲಿಲ್ಲ, ಹುಳಿಯಾರಿನವನು ಮಾರಲಿಲ್ಲ. ನಮಗೆ ನಗು ಬರುತ್ತೆ. ಆದರೆ ನಮ್ಮ ಶೋಕೇಸಿನಲ್ಲಿ ಮದುವೆಗೆ ಬಂದ ಪಿಂಗಾಣಿ ಕಪ್ಪುಗಳಿಲ್ವಾ? ಅದರಲ್ಲಿ ಯಾವತ್ತಾದರೂ ಕಾಫಿ ಕುಡಿದಿದ್ದೀವಾ? ಬೀರುವಿನಲ್ಲಿ ನುಸಿಗುಳಿಗೆ ಜೊತೆ ಸಂಸಾರ ಮಾಡ್ತಿರೋ ರೇಷ್ಮೆ ಸೀರೆ? ನೆಂಟರು ಬಂದರೆ ಬೇಕು ಅಂತ ಕವರ್ ಕೂಡ ಬಿಚ್ಚದ ಬೆಡ್‌ಶೀಟು? ಸಿಗೋ ತನಕ ಒದ್ದಾಟ, ಸಿಕ್ಕಮೇಲೆ ಅಟ್ಟ. ಅಮೆರಿಕದವರೂ ಹಿಂಗೇನಾ, ಅಥವಾ ಇದೊಂದನ್ನು ಅವರು ನಮ್ಮಿಂದ ಕಲಿತರಾ?

ಇಷ್ಟು ಯೋಚನೆ ಮಾಡ್ತಿರುವಾಗ ನಮ್ಮನೆಯವರು ಟವೆಲ್ ತೆಗೆದು, "ಲೇ, ಡಿಕಾಕ್ಷನ್ ತುಂಬಿ ಕೊಟ್ಟುಬಿಡೋಣ್ವಾ? ಬಣ್ಣ ಒಂದೇ ಕಣೇ" ಅಂದರು.

ನನಗೆ ನೆತ್ತಿಗೇರಿತು. "ನೋಡ್ರೀ, ಸುಳ್ಳೆಲ್ಲ ನಿಮ್ಮ ಕೊಬ್ಬರಿ ಮಂಡೀಲಿ ಇಟ್ಕೊಳ್ಳಿ. ಬೀಗರಿಗೆ ನಾನೇ ನಿಜ ಹೇಳ್ತೀನಿ. ಬೈಯ್ಲಿ, ಬೈಸ್ಕೋತೀನಿ."

ನಾಮಕರಣದ ದಿನ ಬಂತು. ಬೆಳಿಗ್ಗೆ ಬೆಳಿಗ್ಗೆಯೇ ಬೀಗರ ಕಡೆಯವರು ಬಂದಿಳಿದರು. ತೊಟ್ಟಿಲಿಗೆ ಹೂ ಕಟ್ಟುತ್ತಿದ್ದರು. ಬೀಗರು ಜಗಲಿ ಮೇಲೆ ಉಪ್ಪಿಟ್ಟಿನ ತಟ್ಟೆ ಹಿಡಿದು ಕೂತಿದ್ದರು. ಹತ್ತಿರ ನಮ್ಮನೆಯವರನ್ನು ಬಿಟ್ಟು ಯಾರೂ ಇಲ್ಲದ್ದು ನೋಡಿ, ಇಷ್ಟದೈವವನ್ನು ನೆನೆದು, ಒಂದೇ ಉಸಿರಿಗೆ ಹೇಳಿಬಿಟ್ಟೆ.

ಚಮಚ ನಿಂತಿತು. "ಎಲ್ಲಾ ಹೋಯ್ತಾ?"

"ಒಂದು ತೊಟ್ಟೂ ಇಲ್ಲ."

"ಮಲಗಿಸಿದ್ರಾ?"

"ಮಲಗಿಸಿ, ಅಲ್ಲಾಡ್ಸಿದ್ರು ಕೂಡ."

ಬೀಗರು ಕಣ್ಣು ಮುಚ್ಚಿದರು. ಯಾರೋ ಹತ್ತಿರದವರು ಹೋದ ಸುದ್ದಿ ಕೇಳಿದ ಹಾಗಿತ್ತು ಮುಖ. ಆ ಗಂಟಲು ಈಗ ಏಳುತ್ತೆ, ಮಗಳ ಕಿವಿಗೆ ಬೀಳುತ್ತೆ ಅಂತ ಕಾದೆ. ಏನಾದರೂ ಹೇಳಬೇಕಲ್ಲ ಅಂತ, "ನಾವೂ ಹುಡುಕಿದ್ವಿ ಬೀಗರೇ. ಹುಳಿಯಾರಲ್ಲಿ ಒಂದಿದೆ, ಆದ್ರೆ ಅವನು ಮಾರಲ್ವಂತೆ" ಅಂದೆ.

ಕಣ್ಣು ತೆರೆಯಿತು.

"ಹುಳಿಯಾರಲ್ಲಿದೆಯಾ? ಸೀಲ್ ಒಡೆದಿಲ್ವಾ? ಮಲಗಿಸವ್ನಾ, ನಿಲ್ಲಿಸವ್ನಾ?"

"ನಿಲ್ಸಿದ್ದಾನೆ. ಹೂ ಮುಡಿಸಿದ್ದಾನೆ."

ತಟ್ಟೆ ಕೆಳಗಿಟ್ಟರು. ಮೀಸೆ ಮೇಲೆದ್ದಿತು. ಹೋದ ಬಾಟ್ಲಿ ಆ ಕ್ಷಣವೇ ಮರೆತುಹೋಗಿತ್ತು! ನಮ್ಮನೆಯವರ ಕಡೆ ತಿರುಗಿದರು. "ಬೀಗರೇ, ಕಾರ್ ಕೀ ತಗೊಳ್ಳಿ. ಹಿಂಗ್ ಹೋಗಿ ಹಂಗ್ ಬಂದ್ಬುಡೋಣ."

ಹಿಂಗ್ ಹೋಗಿ ಹಂಗ್ ಬರೋಕೆ ಹುಳಿಯಾರೇನು ನಮ್ಮ ಹಿತ್ತಲಾ? ನಾನು ನಮ್ಮನೆಯವರ ಕಡೆ ಕಣ್ಣು ಬಿಟ್ಟೆ. ಅವರು ನೆಲ ನೋಡಿದರು. ಬೀಗರ ಮಾತಿಗೆ ಇಲ್ಲ ಅನ್ನೋದು ಅವರ ಹಣೆಯಲ್ಲಿ ಬರೆದಿಲ್ಲ. ನಾನು ಚಪ್ಪಲಿ ಹುಡುಕೋದರೊಳಗೆ ಕಾರು ಹೋಗಿಯಾಗಿತ್ತು.

ಮುಹೂರ್ತ ಕಾಯುತ್ತಾ? ಐನೋರು ಗಡಿಯಾರ ನೋಡಿದರು, ಬಾಗಿಲು ನೋಡಿದರು, ಫೋನ್ ಮಾಡಿಸಿದರು. ಎರಡೂ ಫೋನ್ ಸ್ವಿಚ್ ಆಫ್. ಕೊನೆಗೆ ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಕೂಗಿದಳು. ಮಗಳೂ ಅಳಿಯನೂ ಅಲ್ಲೀತನಕ ಗುಟ್ಟಾಗಿಟ್ಟಿದ್ದ ಹೆಸರು ಮನೆಯವರಿಗೆಲ್ಲ ಗೊತ್ತಾಯ್ತು, ತಾತಂದಿರಿಬ್ಬರನ್ನು ಬಿಟ್ಟು.

ಆಗ ನಡೆಯಿತು ನೋಡಿ, ನಾನು ಕನಸಲ್ಲೂ ಎಣಿಸದ ಸಂಗತಿ. ಬೀಗಿತ್ತಿ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, ಎರಡೂ ಕೈ ಹಿಡಿದುಕೊಂಡು, "ನಮ್ಮೋರದು ತಪ್ಪಾಯ್ತು ಬೀಗಿತ್ತಿ. ನಿಮ್ಮ ಮುಂದೆ ಮುಖ ಎತ್ತೋಕಾಗ್ತಿಲ್ಲ. ಮನಸ್ಸಿಗೆ ಹಚ್ಕೋಬೇಡಿ" ಅಂದರು. ಗಂಡಿನ ತಾಯಿ! ಹೆಣ್ಣಿನ ತಾಯಿಗೆ! ನನಗೆ ಹಿಗ್ಗೋ ಹಿಗ್ಗು. ಆದರೂ ಮುಖ ಸ್ವಲ್ಪ ಸಪ್ಪಗೆ ಮಾಡ್ಕೊಂಡು, ಬಹಳ ದೊಡ್ಡ ಮನಸ್ಸಿನಿಂದ, "ಹೋಗ್ಲಿ ಬಿಡಿ" ಅಂದೆ. (ಆ ಕಾರು ಓಡಿಸಿದ್ದು ನನ್ನ ಗಂಡ ಅನ್ನೋದು ಅವರಿಗೆ ಹೊಳೆಯಲಿಲ್ಲ. ನಾನೂ ಹೊಳೆಯಿಸೋಕೆ ಹೋಗಲಿಲ್ಲ.)

ಊಟದ ಕೊನೇ ಪಂಕ್ತಿ ಏಳುವಾಗ ಇಬ್ಬರೂ ಬಂದರು. ಬರಿಗೈ. ಇಬ್ಬರ ಹಣೆಯಲ್ಲೂ ದಪ್ಪ ಕುಂಕುಮ. ಅಂಗಡಿಯವನು ಇವರ ಕೈಯಲ್ಲಿ ಬಾಟ್ಲಿಗೆ ಮಂಗಳಾರತಿ ಮಾಡಿಸಿ, ಪ್ರಸಾದ ಕೊಟ್ಟು ಕಳಿಸಿದ್ದನಂತೆ!

"ನೋಡ್ದೆ ಬೀಗಿತ್ತಿ! ಕೈಯಲ್ಲೇ ಹಿಡ್ಕೊಂಡಿದ್ದೆ! ಏನ್ ಬಣ್ಣ ಅಂತೀರಾ!" ಅಂತ ಬಾಗಿಲಿಂದಲೇ ಕೂಗಿಕೊಂಡು ಬಂದರು ಬೀಗರು. ಹಂಡೆ ಹಾಲು ಕುಡಿದಷ್ಟು ಖುಷಿ. ಆಮೇಲೆ ತೊಟ್ಟಿಲ ಪಕ್ಕ ನಿಂತಿದ್ದ ಹೆಂಡತಿಯ ಮುಖ ಕಂಡಿತು. ಗಂಟಲು ತಗ್ಗಿತು. ಮಗು ನಿದ್ದೆ ಮಾಡ್ತಿತ್ತು.

"ಮಗೂಗೆ... ಏನ್ ಹೆಸರಿಟ್ರಿ?" ಅಂತ ಮೆಲ್ಲಗೆ ಕೇಳಿದರು.

ಬೀಗಿತ್ತಿ ಸೆರಗು ಸರಿ ಮಾಡ್ಕೊಂಡು ಹೇಳಿದರು: "ಹುಡುಕ್ಕೊಳ್ಳಿ. ಅದ್ರಲ್ಲಿ ನೀವು ಗಟ್ಟಿಗರಲ್ವಾ?"