ನಾಲ್ಕು ಗಂಟೆಯ ರೊಟ್ಟಿ

ಲಂಡನ್ನಿಗೆ ಬಂದ ಮೇಲೆ ನಾನು ಮೊದಲು ಕಲಿತ ವಿದ್ಯೆ ಸದ್ದಿಲ್ಲದೆ ಬದುಕುವುದು. ಬಾಗಿಲಿನ ಹಿಡಿಕೆಯನ್ನು ತಿರುಗಿಸಿ ಹಿಡಿದುಕೊಂಡೇ ಮೆಲ್ಲಗೆ ಮುಚ್ಚುವುದು, ಲಿಫ್ಟಿನಲ್ಲಿ ಇನ್ನೊಬ್ಬರಿದ್ದರೆ ಅಂತಸ್ತಿನ ಅಂಕಿಗಳನ್ನೇ ನೋಡುತ್ತ ನಿಲ್ಲುವುದು, ಟ್ಯೂಬ್ ರೈಲಿನಲ್ಲಿ ನನ್ನ ಕಾಲು ತುಳಿದವರಿಗೆ ನಾನೇ ಮೊದಲು ಸಾರಿ ಹೇಳುವುದು. ಕುಕ್ಕರ್ ಇನ್ನೇನು ಕೂಗಬೇಕು ಅನ್ನುವಷ್ಟರಲ್ಲಿ ಓಡಿಹೋಗಿ ಒಲೆ ಆರಿಸುತ್ತಿದ್ದೆ. ಮೈಸೂರಿನಲ್ಲಿ ನಮ್ಮ ಮನೆ ಗೇಟಿನಲ್ಲಿ ನಿಂತು ಮೂರನೇ ಮನೆಯವರ ಜೊತೆ ಮಾತಾಡುತ್ತ ಬೆಳೆದವಳು ನಾನು. ಆದರೂ ನಾಲ್ಕೇ ವರ್ಷದಲ್ಲಿ ಈ ವಿದ್ಯೆ ಎಷ್ಟು ಚೆನ್ನಾಗಿ ಹತ್ತಿತೆಂದರೆ, ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ನಮ್ಮವರು ಮನೆಗೆ ಬಂದವರೇ "ಮನ್ಯಾಗ ಇದ್ದೀಯೇನು?" ಎಂದು ಕೂಗಿ ಕೇಳಬೇಕಾಗುತ್ತಿತ್ತು.

ಅಂಥ ಮನೆಗೆ, ತೊಂಬತ್ತರ ದಶಕದ ಕೊನೆಯ ಒಂದು ಜನವರಿಯಲ್ಲಿ, ವಿಜಯಪುರದಿಂದ ನಮ್ಮ ಅತ್ತೆ ಬಂದರು.

ಬಂದರು ಅನ್ನುವುದಕ್ಕಿಂತ ನಾವೇ ಕಾಲು ಹಿಡಿದು ಕರೆಸಿಕೊಂಡೆವು ಅನ್ನುವುದು ಸರಿ. ನಾನು ಊರಲ್ಲಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿದವಳು. ಇಲ್ಲಿ ಶಾಲೆಯಲ್ಲಿ ಪಾಠ ಮಾಡಬೇಕಾದರೂ ಬೇರೆ ಓದಬೇಕು ಅಂದರು. ಸರಿ, ಅಕ್ಸ್‌ಬ್ರಿಡ್ಜ್‌ನಲ್ಲಿ ಒಂದು ಕೋರ್ಸಿಗೆ ಸೇರಿದೆ. ಅರ್ಧ ಮುಗಿಯುವಷ್ಟರಲ್ಲಿ ಮಗುವನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಬೀದಿಯ ಹೆಂಗಸು ಊರು ಬಿಟ್ಟರು. ಮಗಳಿಗೆ ಒಂದೂವರೆ ವರ್ಷ. ನಮ್ಮವರಿಗೆ ಹಗಲೂ ಡ್ಯೂಟಿ, ರಾತ್ರಿಯೂ ಡ್ಯೂಟಿ. ಅತ್ತೆ ಆರು ತಿಂಗಳ ವೀಸಾದಲ್ಲಿ ಬಂದು ಇದ್ದರೆ ಜೂನಿನಲ್ಲಿ ನನ್ನ ಪರೀಕ್ಷೆ ಆಗುತ್ತದೆ, ಅವರು ನಡುವೆ ಎದ್ದು ಹೊರಟರೆ ನಾನೂ ಪುಸ್ತಕ ಮುಚ್ಚಿ ಮನೆಯಲ್ಲಿ ಕೂರಬೇಕು. ನನ್ನ ಹಣೆಬರಹ ಅಷ್ಟು ಸರಳವಾಗಿತ್ತು.

ಅತ್ತೆಯ ಸೂಟ್‌ಕೇಸಿನಲ್ಲಿ ನಾಲ್ಕು ಸೀರೆ, ಅವುಗಳ ನಡುವೆ ಜೋಳದ ಹಿಟ್ಟು, ಶೇಂಗಾ ಚಟ್ನಿ, ಒಂದು ಕಬ್ಬಿಣದ ಹಂಚು, ರೊಟ್ಟಿ ಬಡಿಯುವ ಒಂದು ದಪ್ಪ ಹಲಗೆ. "ಹಲಗಿ ಯಾಕವ್ವಾ ಹೊತ್ತು ತಂದಿ?" ಎಂದು ಮಗ ಕೇಳಿದ್ದಕ್ಕೆ, "ಲಂಡನ್ನಿನ್ಯಾಗ ಇದು ಸಿಗತೈತೇನೋ?" ಎಂದು ಬಾಯಿ ಮುಚ್ಚಿಸಿದರು. ಮಾರನೆಯ ಬೆಳಿಗ್ಗೆ ಏಳು ಗಂಟೆಗೆ ಅಡಿಗೆಮನೆಯ ನೆಲದ ಮೇಲೆ ಕಾಲು ಮಡಚಿ ಕೂತು, ಹಲಗೆ ಇಟ್ಟುಕೊಂಡು, ಬಿಸಿನೀರು ಹಾಕಿ ನಾದಿದ ಹಿಟ್ಟನ್ನು ಬಡಿಯತೊಡಗಿದರು. ಥಪ್, ಥಪ್, ಥಪ್. ನನ್ನ ಜೀವ ಬಾಯಿಗೆ ಬಂತು.

ನಾವಿದ್ದದ್ದು ಪಾರ್ಕ್ ರಾಯಲ್ ಕಡೆಯ ನಗರಸಭೆ ಕಟ್ಟಿಸಿದ ಒಂದು ಹಳೇ ಕೌನ್ಸಿಲ್ ಕಟ್ಟಡ. ಅಲ್ಲಿ ಮೇಲಿನ ಮನೆಯವರು ಚಪ್ಪಲಿ ಬಿಟ್ಟರೆ ಎಡಗಾಲಿನದೋ ಬಲಗಾಲಿನದೋ ಎಂದು ಕೆಳಗಿನವರಿಗೆ ತಿಳಿಯುತ್ತಿತ್ತು. "ಅತ್ತೆ, ಕಟ್ಟೆ ಮೇಲೆ ಇಟ್ಕೊಂಡು ಮೆತ್ತಗೆ ಮಾಡಬಹುದಲ್ವಾ?" ಅಂದೆ. "ನಿಂತು ಬಡಿಯಾಕ ಅದೇನ ಡೊಳ್ಳೇನವಾ?" ಅಂದರು. ನಾವು ಅನ್ನ ತಿನ್ನುವ ಜನ, ರೊಟ್ಟಿಯ ವಿಷಯದಲ್ಲಿ ನನಗೆ ವಾದ ಮಾಡುವ ಅಧಿಕಾರವಿರಲಿಲ್ಲ. ಅವರು ಕೂತು ಬಡಿದು ಕೊಟ್ಟದ್ದನ್ನು ನಾನು ನಿಂತು ಬೇಯಿಸಿದೆ.

ಎರಡನೇ ದಿನವೋ ಮೂರನೇ ದಿನವೋ ಕೆಳಗಿನಿಂದ ಉತ್ತರ ಬಂತು. ಢಬ್, ಢಬ್, ಢಬ್. ಪೊರಕೆಯ ಹಿಡಿಯಿಂದ ಚಾವಣಿ ಕುಟ್ಟುವ ಸದ್ದು. ನನಗೆ ತಕ್ಷಣ ತಿಳಿಯಿತು. ಅತ್ತೆಯ ಕೈ ನಿಂತಿತು, ಕಿವಿ ನಿಮಿರಿತು, ಮುಖ ಅರಳಿತು.

"ಯವ್ವಾ! ಕೆಳಗಿನ ಮನ್ಯಾಗೂ ರೊಟ್ಟಿ ಬಡಿಯಾಕತ್ತಾರ ನೋಡು! ಯಾವ ಊರವರಂತ?"

ಬಂದಂದಿನಿಂದ ಕಿಟಕಿಯಲ್ಲಿ ನಿಂತು "ಈ ಊರಾಗ ಮಂದಿ ಎಲ್ಲಿ ಅದಾರ?" ಎಂದು ಹುಡುಕುತ್ತಿದ್ದ ಮುದುಕಿಯ ಮುಖದಲ್ಲಿ ಮೊದಲ ಸಲ ಬೆಳಕು ಬಂದಿತ್ತು. ನಾನು ತುಟಿ ಪಿಟಕ್ಕೆನ್ನಲಿಲ್ಲ. ಅತ್ತೆಗೆ ಹುರುಪು ಬಂದು ಇನ್ನಷ್ಟು ಜೋರಾಗಿ ಬಡಿದರು. ಕೆಳಗಿನವರು ಇನ್ನಷ್ಟು ಜೋರಾಗಿ ಕುಟ್ಟಿದರು. "ಕೈ ಭಾಳ ಚಲೋ ಐತಿ, ಆದ್ರ ತಾಳ ತಪ್ಪಾಕತ್ತೈತಿ" ಎಂದು ಅತ್ತೆ ತೀರ್ಪು ಕೊಟ್ಟರು. ನಾನು ಒಲೆಯ ಕಡೆ ತಿರುಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ.

ಈ ಜುಗಲ್‌ಬಂದಿ ಒಂದು ವಾರ ನಡೆಯಿತು. ಆಮೇಲೆ ಒಂದು ದಿನ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ನಿದ್ದೆಗಣ್ಣಿನ ಒಬ್ಬರು ನಿಂತಿದ್ದರು. ಅರವತ್ತರ ಹತ್ತಿರದ ವಯಸ್ಸು, ಕೆಂಪು ಮುಖ, ಪೈಜಾಮದ ಮೇಲೆ ಕೋಟು. ನಾಲ್ಕು ವರ್ಷದಲ್ಲಿ ಕೆಳಗಿನ ಮನೆಯವರನ್ನು ನಾನು ನೋಡಿದ್ದು ಅದೇ ಮೊದಲು.

"ಮೇಡಂ, ತಪ್ಪು ತಿಳೀಬೇಡಿ. ಮೇಲೆ ಬಡಗಿ ಕೆಲಸ ಇನ್ನೂ ಎಷ್ಟು ದಿನ ಇದೆ?" ಎಂದು ಕೇಳಿದರು.

ಅವರು ಐರ್ಲೆಂಡಿನವರು, ನಮ್ಮ ಹಾಗೆ ಹೊರಗಿನಿಂದ ಬಂದವರೇ, ಬಂದು ಬಹಳ ಕಾಲವಾಗಿತ್ತು ಅಷ್ಟೆ. ಹೆಂಡತಿ ತೀರಿಹೋಗಿ ಒಬ್ಬರೇ ಇದ್ದರು. ಪಾರ್ಕ್ ರಾಯಲ್‌ನ ಒಂದು ಬ್ರೆಡ್ ಕಾರ್ಖಾನೆಯಲ್ಲಿ ಸಂಜೆ ಆರಕ್ಕೆ ಹೋದರೆ ಬೆಳಗಿನ ಜಾವದವರೆಗೆ ಕೆಲಸ. ಬಂದು ಸ್ನಾನ ಮಾಡಿ ಹಾಸಿಗೆ ಸೇರುವ ಹೊತ್ತಿಗೆ ಸರಿಯಾಗಿ ತಲೆಯ ಮೇಲೆ ನಮ್ಮ ಥಪ್ ಥಪ್ ಶುರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಎಷ್ಟು ಸಲ ಸಾರಿ ಹೇಳಿದೆನೋ. ಅವರೂ ಪ್ರತಿಯಾಗಿ ಸಾರಿ ಹೇಳಿ ಇಳಿದುಹೋದರು.

ಇನ್ನು ಅತ್ತೆಗೆ ಹೇಳದೆ ಗತಿಯಿರಲಿಲ್ಲ. ಹೇಳಿದೆ. ಕೆಳಗೆ ಬಡಿಯುತ್ತಿದ್ದದ್ದು ರೊಟ್ಟಿಯಲ್ಲ ಎಂದು ತಿಳಿದಾಗ ಅವರ ಮುಖ ಸಣ್ಣದಾಯಿತು. ಹಲಗೆ ಎತ್ತಿ ಗೋಡೆಗೆ ಒರಗಿಸಿಟ್ಟರು. ಅಂದಿನಿಂದ ನಾನು ಪಡದ ಪಾಡಿಲ್ಲ. ಹಲಗೆಯ ಕೆಳಗೆ ಕಂಬಳಿ ಮಡಚಿ ಹಾಕಿದೆ, ರೊಟ್ಟಿ ಬಡಿಯುವ ಬದಲು ಹಲಗೆಯೇ ಕುಣಿಯಿತು. ಬಾಲ್ಕನಿಯಲ್ಲಿ ಕೂರಿಸಿದೆ, ಕೋಟು, ಮಫ್ಲರ್, ಉಣ್ಣೆ ಟೋಪಿ ಹಾಕಿಕೊಂಡು ಕೂತರು ಪಾಪ, ಗಾಳಿಗೆ ಹಿಟ್ಟೆಲ್ಲ ಹಾರಿ ಎದುರಿನ ಕಾರಿನ ಮೇಲೆ ಕೂತಿತು. ಲಟ್ಟಣಿಗೆಯಲ್ಲಿ ಲಟ್ಟಿಸೋಣ ಎಂದದ್ದಕ್ಕೆ ಅವರು ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಅದೇ ಸಮಯಕ್ಕೆ ನಮ್ಮವರು, ಡಾಕ್ಟರ ಬುದ್ಧಿ ನೋಡಿ, "ಅವ್ವಾ, ನಾಕು ದಿನ ಚಪಾತಿ ತಿಂದ್ರ ಏನಾಗತೈತಿ?" ಎಂದುಬಿಟ್ಟರು. ಹೇಳಿ ಆಸ್ಪತ್ರೆಗೆ ಹೋದರು. ಸಂಭಾಳಿಸಲು ನಾನಿದ್ದೆನಲ್ಲ!

"ನನ್ನ ಟಿಕೀಟ ಮಾಡಿಸ್ರಿ, ನಾ ಊರಿಗೆ ಹೋಗ್ತೀನಿ" ಎಂದರು ಅತ್ತೆ ಸಂಜೆಗೆ.

ನನ್ನ ಪುಸ್ತಕಗಳು ಕಣ್ಣ ಮುಂದೆಯೇ ಮುಚ್ಚಿಕೊಂಡವು. ನನಗೂ ಸಿಟ್ಟು ಬಂತು. "ಒಂದು ರೊಟ್ಟಿಗೋಸ್ಕರ ನನ್ನ ಓದನ್ನ ಹಾಳು ಮಾಡ್ತೀರಾ ಅತ್ತೆ?" ಎಂದು ಕೇಳಿಯೇಬಿಟ್ಟೆ. ಸೊಸೆಯಾಗಿ ಅದೇ ಮೊದಲ ಸಲ ಅವರೆದುರು ದನಿ ಏರಿಸಿದ್ದು. ಅತ್ತೆ ಜಗಳಕ್ಕೆ ಬರಲಿಲ್ಲ. ತೊಡೆಯ ಮೇಲೆ ಮಲಗಿದ್ದ ಮಗುವಿನ ತಲೆ ಸವರುತ್ತ ಹೇಳಿದರು:

"ಹೊಟ್ಟಿಗಲ್ಲವಾ ನಾ ಬಡಿಯೂದು. ಹೊಟ್ಟಿಗೆ ಬ್ರೆಡ್ಡೂ ನಡೀತೈತಿ. ಊರಾಗ ನಾ ಎದ್ದೇನಂದ್ರ ಹತ್ತು ಮಂದಿಗೆ ಕೆಲಸಾಗತೈತಿ. ಇಲ್ಲಿ ಬಟ್ಟಿ ಒಗ್ಯಾಕ ಮಷಿನ್ ಐತಿ, ಕಸಕ್ಕ ಮಷಿನ್ ಐತಿ. ಕೂಸು ನೋಡೂದು ಕೆಲಸಲ್ಲ, ಅದು ಸುಖ. ಕುಂತು ತಿನ್ನಾಕ ನಾ ಬೀಗರಲ್ಲ. ನಾ ಇಲ್ಲದಿದ್ರ ಈ ಊರಾಗ ಯಾರಿಗೆ ಏನ ಕಡಿಮಿ?"

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ನಾಲ್ಕು ವರ್ಷದಿಂದ ನನ್ನೊಳಗೂ ಇದ್ದ ಪ್ರಶ್ನೆ ಅದೇ. ಅದನ್ನು ಯಾರಿಗೂ ಕೇಳಿಸದ ಹಾಗೆ ಇಟ್ಟುಕೊಂಡಿದ್ದೆ, ಕುಕ್ಕರಿನ ಸೀಟಿಯ ಹಾಗೆ. ಅವತ್ತು ಅತ್ತೆಯ ಪಕ್ಕದಲ್ಲಿ ಕೂತು ಚೆನ್ನಾಗಿ ಅತ್ತುಬಿಟ್ಟೆ. ನಾನು ಅತ್ತದ್ದು ನೋಡಿ ಅವರಿಗೇ ಗಾಬರಿಯಾಯಿತು.

ಮಾರನೆಯ ದಿನ ಶನಿವಾರ. ಬೆಳಿಗ್ಗೆ ಅತ್ತೆ ಹಳೆಯ ರೊಟ್ಟಿ ಎರಡು, ಶೇಂಗಾ ಚಟ್ನಿ ತಟ್ಟೆಯಲ್ಲಿಟ್ಟುಕೊಂಡು, "ನಡಿ, ಕೆಳಗ ಹೋಗೂಣು. ನೀ ಇಂಗ್ಲಿಷಿನ್ಯಾಗ ಹೇಳು" ಅಂದರು. ಹೇಳದೆ ಕೇಳದೆ ಒಬ್ಬರ ಮನೆಗೆ ಹೋಗುವುದಾ, ಈ ಊರಿನಲ್ಲಾ! ಆದರೆ ಅವರಾಗಲೇ ಮೆಟ್ಟಿಲಿಳಿಯುತ್ತಿದ್ದರು. ಸಂಜೆಯವರೆಗಾದರೂ ತಾಳಿ, ಪಾಪ ಮಲಗಿರುತ್ತಾರೆ ಎಂದು ರಟ್ಟೆ ಹಿಡಿದು ನಿಲ್ಲಿಸಿದೆ. ಐದು ಗಂಟೆಗೆ ಹೋದೆವು. ಅವರು ಒಂದು ಕಾಲಿಗೆ ಬೂಟು ಹಾಕಿಕೊಂಡು ಬಾಗಿಲು ತೆರೆದರು.

ಅತ್ತೆ ಪೀಠಿಕೆ ಹಾಕುವವರಲ್ಲ. "ಎಷ್ಟಕ್ಕ ಏಳತಾನಂತ ಕೇಳು" ಅಂದರು. ಕೇಳಿದೆ. ನಾಲ್ಕಕ್ಕೆ ಏಳಬೇಕು, ಆದರೆ ಏಳುವುದೇ ಕಷ್ಟ, ಎರಡು ಅಲಾರಂ ಇಟ್ಟರೂ ನಿದ್ದೆಯಲ್ಲೇ ಎರಡನ್ನೂ ಆರಿಸಿಬಿಡುತ್ತೇನೆ, ಇವತ್ತೂ ತಡವಾಗಿದೆ, ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಮುಖ ಸಿಂಡರಿಸುತ್ತಾನೆ ಎಂದರು. ಹೆಂಡತಿ ಇದ್ದಾಗ ಅವಳು ಎಬ್ಬಿಸುತ್ತಿದ್ದಳು ಎಂದೂ ಸೇರಿಸಿದರು. ನಾನು ಕನ್ನಡದಲ್ಲಿ ಹೇಳಿದೆ. ಅತ್ತೆ ಯೋಚಿಸಿದರು.

"ನಾಕಕ್ಕ ಬಡೀತೀನಿ ಅಂತ ಹೇಳು. ಏಳತಾನೋ ಇಲ್ಲೋ ನೋಡೇಬಿಡೂಣು."

ನಾನು ಅನುವಾದಿಸಿದ್ದನ್ನು ಕೇಳಿ ಆ ಮನುಷ್ಯ ಒಂದು ಕಾಲಿನ ಬೂಟಿನಲ್ಲೇ ನಿಂತು ಗಹಗಹಿಸಿ ನಕ್ಕರು. ಕೈ ಮುಂದೆ ಚಾಚಿದರು. ಅತ್ತೆ ಆ ಕೈಗೆ ರೊಟ್ಟಿಯ ತಟ್ಟೆ ಕೊಟ್ಟರು. ಕೆಳಗಿನವರು ಮರ್ಯಾದೆಗೆ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು, ಆಮೇಲೆ ನೀರು ಕುಡಿದರು. ಇನ್ನೆಂದೂ ಅವರು ರೊಟ್ಟಿ ಬೇಕು ಅನ್ನಲಿಲ್ಲ. "ಪಾಪ, ಹಲ್ಲು ಗಟ್ಟಿ ಇಲ್ಲ" ಎಂದು ಅತ್ತೆ ಅವರನ್ನು ಕ್ಷಮಿಸಿದರು.

ಸೋಮವಾರದಿಂದ ನಮ್ಮ ಮನೆಯ ದಿನಚರಿಯೇ ಬದಲಾಯಿತು. ನಾನು ಎರಡಕ್ಕೆ ತರಗತಿ ಮುಗಿಸಿ ಟ್ಯೂಬು ಹಿಡಿದು ಬರುವಷ್ಟರಲ್ಲಿ ಅತ್ತೆ ಹಿಟ್ಟು ನಾದಿಟ್ಟು, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗೋಡೆಯ ಗಡಿಯಾರ ನೋಡುತ್ತ ಕಾದಿರುತ್ತಿದ್ದರು. ಮುಳ್ಳು ನಾಲ್ಕಕ್ಕೆ ಬಂತೋ, ಥಪ್, ಥಪ್, ಥಪ್. ಮೊದಲ ರೊಟ್ಟಿ ಮುಗಿಯುವಷ್ಟರಲ್ಲಿ ಕೆಳಗಿನಿಂದ ಪೊರಕೆಯ ಹಿಡಿ ಎರಡು ಸಲ ಕುಟ್ಟುತ್ತಿತ್ತು, ಎದ್ದೆ ಎಂದು. "ಎದ್ದ" ಎಂದು ಅತ್ತೆ ಘೋಷಿಸುತ್ತಿದ್ದರು. ಮಗಳೂ ತನ್ನ ಪುಟ್ಟ ಅಂಗೈಯಿಂದ ನೆಲ ಬಡಿದು "ಎದ್ದಾ" ಅನ್ನುತ್ತಿದ್ದಳು. ಅವಳು ಮೊದಲು ಕಲಿತ ಕನ್ನಡ ಮಾತುಗಳಲ್ಲಿ ಅದೊಂದು.

ಮೊದಮೊದಲು "ಅಂವ" ಎನ್ನುತ್ತಿದ್ದ ಅತ್ತೆ ತಿಂಗಳೊಪ್ಪತ್ತಿನಲ್ಲಿ "ಕೆಳಗಿನ ಅಣ್ಣ" ಎನ್ನತೊಡಗಿದರು. ಅಣ್ಣ ಕಾರ್ಖಾನೆಯಿಂದ ತರುವ ಬ್ರೆಡ್ಡು ಶುಕ್ರವಾರ ನಮ್ಮ ಬಾಗಿಲಲ್ಲಿ ಇರುತ್ತಿತ್ತು. ಅತ್ತೆ ಅದನ್ನು ಒತ್ತಿ ನೋಡಿ, "ಹತ್ತಿ ಇದ್ದಂಗೈತಿ" ಎಂದು ಮಗನಿಗೆ ದಾಟಿಸುತ್ತಿದ್ದರು. ಅವರ ಹಿಟ್ಟು ಮುಗಿದ ಮೇಲೆ ವೆಂಬ್ಲಿಯ ಇಂಡಿಯನ್ ಅಂಗಡಿಯಿಂದ ತಂದುಕೊಟ್ಟೆ. "ಜಿಗಿ ಇಲ್ಲ, ಹಳೇ ಹಿಟ್ಟು" ಎಂದು ಬೈದುಕೊಂಡೇ ಬಡಿದರು, ಆದರೆ ಒಂದು ದಿನವೂ ನಾಲ್ಕು ಗಂಟೆ ತಪ್ಪಿಸಲಿಲ್ಲ. ಟಿಕೆಟ್ಟಿನ ಮಾತು ಮತ್ತೆ ಬರಲಿಲ್ಲ. ಜೂನಿನಲ್ಲಿ ನಾನು ಪರೀಕ್ಷೆ ಬರೆದೆ, ಪಾಸೂ ಆದೆ.

ಜುಲೈ ಶುರುವಿಗೆ ವೀಸಾ ಮುಗಿಯಿತು. ಹೊರಡುವ ದಿನ ಭಾನುವಾರ, ಕೆಳಗಿನವರಿಗೆ ಸಂಜೆ ಕೆಲಸವಿರದ ದಿನ. ಬೆಳಿಗ್ಗೆ ಅತ್ತೆ ವಿದಾಯ ಹೇಳಲು ಕೆಳಗೆ ಇಳಿದವರು ಬಾಗಿಲ ಮುಂದೆ ನಿಂತು, ಕರೆಗಂಟೆ ಒತ್ತದೆ ವಾಪಸು ಬಂದರು. "ಮಲಗಲಿ ಬಿಡು, ದುಡಿದು ಬಂದಾನ" ಅಂದರು. ಕಾರಿನಲ್ಲಿ ಕೂತ ಮೇಲೆ ಮಗುವನ್ನು ಮುದ್ದಿಸಿದರು, ನನಗೆ ಚೆನ್ನಾಗಿರು ಅಂದರು. ಮತ್ತೆ ಬರುತ್ತೀನಿ ಎಂದು ಮಾತ್ರ ಅನ್ನಲಿಲ್ಲ. ಊರು ಸೇರುವ ಖುಷಿ ಅವರಿಗಿತ್ತು, ಇರಬೇಕಾದದ್ದೇ. ನನಗೆ ಮಾತ್ರ ಸಂಕಟವಾಯಿತು.

ಮರುದಿನ ಸಂಜೆ ನಾನು ಸೋಫಾದಲ್ಲಿ ಸುಮ್ಮನೆ ಕೂತಿದ್ದೆ. ಆರು ಗಂಟೆ ಆಗುತ್ತ ಬಂದಿರಬಹುದು, ಯಾರೋ ಬಾಗಿಲು ದಬದಬ ಬಡಿದರು. ಕೆಳಗಿನವರು. ಅಂಗಿಯ ಗುಂಡಿ ಅಡ್ಡಾದಿಡ್ಡಿ ಹಾಕಿಕೊಂಡಿದ್ದರು.

"ಅಮ್ಮನಿಗೆ ಹುಷಾರಿಲ್ವಾ?" ಎಂದರು, ಏದುಸಿರು ಬಿಡುತ್ತ.

ಊರಿಗೆ ಹೋದರು ಎಂದೆ. ನಿಮಗೆ ಹೇಳಲು ಬಂದಿದ್ದರು, ನಿದ್ದೆ ಕೆಡಿಸಲು ಮನಸ್ಸಾಗಲಿಲ್ಲವಂತೆ ಎಂದೂ ಹೇಳಿದೆ. "ಇಷ್ಟು ತಿಂಗಳಲ್ಲಿ ಇವತ್ತೇ ತಡವಾದದ್ದು" ಎಂದು ನಕ್ಕು, ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಓಡಿದರು.

ಬೆಳಿಗ್ಗೆ ಅಂಗಡಿಯಿಂದ ಫೋನ್ ಕಾರ್ಡು ತಂದು ವಿಜಯಪುರಕ್ಕೆ ಮಾತಾಡಿದೆ. ನಡೆದದ್ದನ್ನೆಲ್ಲ ಹೇಳಿದೆ. ಆ ಕಡೆಯಿಂದ ಅತ್ತೆಯ ನಗು ಕೇಳಿಸಿತು, ಅಂಥ ನಗು ಅವರು ಲಂಡನ್ನಿನಲ್ಲಿ ಒಮ್ಮೆಯೂ ನಕ್ಕಿರಲಿಲ್ಲ. ಫೋನನ್ನು ಕಿವಿಯಿಂದ ದೂರ ಹಿಡಿದು ಮನೆಯಲ್ಲಿದ್ದವರಿಗೆಲ್ಲ ಕೂಗಿ ಹೇಳಿದರು: "ಕೇಳಿದ್ರೇನು? ನಾ ರೊಟ್ಟಿ ಬಡೀಲಿಲ್ಲಂದ್ರ ಲಂಡನ್ ಮಂದಿಗೆ ಬ್ರೆಡ್ಡು ಇಲ್ಲಂತ!"

ನಾನೂ ನಕ್ಕೆ, ಪಕ್ಕದ ಮನೆಗೆ ಕೇಳಿಸುವಷ್ಟು ಜೋರಾಗಿ. ಅತ್ತೆ ಮತ್ತೆ ಫೋನಿಗೆ ಬಂದರು. ಈಗ ದನಿ ಗಂಭೀರವಾಗಿತ್ತು.

"ಮುಂದಿನ ವೀಸಾಕ್ಕ ಈಗಿಂದ ಅರ್ಜಿ ಹಾಕಾಕ ಹೇಳು ನಿನ್ನ ಗಂಡಗ. ಯಾಕ ಹೊಂಟಾರಂತ ಕೇಳಿದ್ರ ಮಗನ ಮನಿಗೆ ಅಂತ ಬರೀಬ್ಯಾಡ್ರಿ. ಕೆಲಸಕ್ಕ ಹೊಂಟಾರಂತ ಬರೀರಿ."